ಕಲ್ಲಿದ್ದಲ ನಾಡಿನ ಆಟಗಾರರು

ಆಟವನ್ನು ವಿನೋದಕ್ಕಾಗಿ ಆಡುವವರಿದ್ದಾರೆ. ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವರೂ ಇದ್ದಾರೆ. ಇವರಿಬ್ಬರ ನಡುವೆ ಇನ್ನೊಂದು ಬಗೆಯ ಆಟಗಾರರುಂಟು. ಅವರು ವಾರದ ಐದು ದಿನ ಶಾಲೆಯಲ್ಲಿ ಪಾಠ ಹೇಳುತ್ತಾರೆ, ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಕಚೇರಿಯಲ್ಲಿ ಲೆಕ್ಕ ಬರೆಯುತ್ತಾರೆ. ವಾರಾಂತ್ಯ ಬಂತೆಂದರೆ ತಂಡದ ಉಡುಪು ತೊಟ್ಟು ಅಂಗಳಕ್ಕಿಳಿಯುತ್ತಾರೆ. ಆಟಕ್ಕೆ ಅವರಿಗೆ ಸಂಭಾವನೆ ಉಂಟು. ಆದರೆ ಆ ಸಂಭಾವನೆಯೊಂದರಿಂದಲೇ ಸಂಸಾರ ಸಾಗದು. ಇಂಥವರನ್ನು ಅರೆವೃತ್ತಿಪರ ಆಟಗಾರರೆಂದು ಕರೆಯುವುದು ವಾಡಿಕೆ. ಪತ್ರಿಕೆಗಳ ಮೊದಲ ಪುಟದಲ್ಲಿ ಇವರ ಹೆಸರು ಬರುವುದು ಅಪರೂಪ. ಆದರೂ ಆಟದ ಚರಿತ್ರೆಯಲ್ಲಿ ಇವರಿಗೊಂದು ಸ್ಥಾನವಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1946ರಲ್ಲಿ ಹುಟ್ಟಿದ ಒಂದು ಬ್ಯಾಸ್ಕೆಟ್‌ಬಾಲ್ ಕೂಟದ ಕಥೆ ಈ ಮಾತಿಗೆ ಒಳ್ಳೆಯ ನಿದರ್ಶನ. ಜನ ಅದನ್ನು ಈಸ್ಟರ್ನ್ ಲೀಗ್ ಎಂದು ಕರೆದರು.

ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಒಬ್ಬ ಉಪಾಧ್ಯಾಯರು. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದ ತರಬೇತಿ ಶಾಲೆಯೊಂದರಲ್ಲಿ ಜೇಮ್ಸ್ ನೈಸ್ಮಿತ್ ಎಂಬುವರು ವ್ಯಾಯಾಮ ಶಿಕ್ಷಕರಾಗಿದ್ದರು. ಹೊರಗೆ ಹಿಮ ಸುರಿಯುವ ಕಾಲದಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕಾಗಿತ್ತು. ನೈಸ್ಮಿತ್‌ರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು ಆಟವನ್ನು ಆರಂಭಿಸಿದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು. 10 ಅಡಿ ಎತ್ತರ ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. ಈ ಆಟಕ್ಕೆ ವಿಶಾಲವಾದ ಬಯಲು ಬೇಡ. ಒಂದು ಚೆಂಡು, ಒಂದು ದೊಡ್ಡ ಕೊಠಡಿ, ಪಕ್ಷಕ್ಕೆ ಐದು ಜನ ಇದ್ದರೆ ಸಾಕು. ಆದುದರಿಂದ ಚಳಿ ಹೆಚ್ಚಾಗಿರುವ ಸಣ್ಣ ಪಟ್ಟಣಗಳಲ್ಲಿ ಅದು ಬಹು ಬೇಗ ಬೇರೂರಿತು.

ಪೆನ್ಸಿಲ್ವೇನಿಯಾದ ಈಶಾನ್ಯ ಭಾಗ ಅಂಥ ಪಟ್ಟಣಗಳ ಪ್ರದೇಶ. ಅಲ್ಲಿಯ ಬೆಟ್ಟಗಳ ಒಡಲಲ್ಲಿ ಆಂಥ್ರಸೈಟ್ ಎಂಬ ಗಟ್ಟಿಯಾದ ಉತ್ತಮ ಜಾತಿಯ ಕಲ್ಲಿದ್ದಲು ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಲ್ಲಿದ್ದಲನ್ನು ಅಗೆಯಲು ಐರ್ಲೆಂಡ್, ವೇಲ್ಸ್, ಪೋಲೆಂಡ್, ಇಟಲಿ ಮೊದಲಾದ ದೇಶಗಳಿಂದ ಜನ ವಲಸೆ ಬಂದರು. ಸ್ಕ್ರ್ಯಾಂಟನ್, ಹೇಜಲ್ಟನ್, ಪಾಟ್ಸ್‌ವಿಲ್ ಮುಂತಾದ ಊರುಗಳು ಹೀಗೆ ಬೆಳೆದವು. ಸಸ್ಕ್ವಿಹಾನಾ ನದಿಯ ದಡದಲ್ಲಿರುವ ವಿಲ್ಕ್ಸ್‌ಬ್ಯಾರಿಯೂ ಇವುಗಳಲ್ಲಿ ಒಂದು. ಅಮೆರಿಕಾದ ವಸಾಹತುಗಳ ಪರವಾಗಿ ಮಾತನಾಡಿದ ಜಾನ್ ವಿಲ್ಕ್ಸ್ ಮತ್ತು ಐಸಾಕ್ ಬ್ಯಾರಿ ಎಂಬ ಇಬ್ಬರು ಬ್ರಿಟಿಷ್ ಸಂಸತ್ ಸದಸ್ಯರ ಹೆಸರುಗಳನ್ನು ಜೋಡಿಸಿ ಆ ಊರಿಗೆ ಇಟ್ಟಿದ್ದಾರೆ. ಇಪ್ಪತ್ತನೆಯ ಶತಮಾನದ ನಡುಗಾಲದ ಹೊತ್ತಿಗೆ ಎಣ್ಣೆ ಮತ್ತು ಅನಿಲಗಳ ಬಳಕೆ ಹೆಚ್ಚಿ ಕಲ್ಲಿದ್ದಲಿನ ಬೇಡಿಕೆ ಕುಗ್ಗತೊಡಗಿತ್ತು. ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು.

ಇಂಥ ಕಾಲದಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಏಪ್ರಿಲ್ 23ರಂದು ಈಸ್ಟರ್ನ್ ಲೀಗ್ ಸ್ಥಾಪನೆಯಾಯಿತು. ಲೀಗ್ ಎಂದರೆ ಹಲವು ತಂಡಗಳು ಒಪ್ಪಂದ ಮಾಡಿಕೊಂಡು ಒಂದು ಋತುವಿನುದ್ದಕ್ಕೂ ಪರಸ್ಪರ ಆಡುವ ವ್ಯವಸ್ಥೆ. ಮೊದಲ ವರ್ಷ ಆರು ತಂಡಗಳು ಸೇರಿದವು. ವಿಲ್ಕ್ಸ್‌ಬ್ಯಾರಿ, ಹೇಜಲ್ಟನ್, ಅಲೆನ್‌ಟೌನ್, ಲ್ಯಾಂಕಾಸ್ಟರ್, ರೆಡಿಂಗ್ – ಇವು ಐದು ಪೆನ್ಸಿಲ್ವೇನಿಯಾದವು. ಆರನೆಯದು ನೆರೆಯ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್. ಇಂದು ಜಗತ್ಪ್ರಸಿದ್ಧವಾಗಿರುವ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘ, ಅಂದರೆ ಎನ್.ಬಿ.ಎ., ಬೇರೊಂದು ಹೆಸರಿನಿಂದ ಹುಟ್ಟಿದ್ದು ಅದೇ ವರ್ಷದ ಜೂನ್ ತಿಂಗಳಿನಲ್ಲಿ. ಸಣ್ಣ ಊರುಗಳ ಈ ಕೂಟವು ಮಹಾನಗರಗಳ ಆ ಕೂಟಕ್ಕಿಂತ ಕೆಲವು ವಾರಗಳಷ್ಟು ಹಿರಿಯದು!

ಮೊದಲ ಋತುವಿನಲ್ಲಿ ಪ್ರಶಸ್ತಿ ಗೆದ್ದ ತಂಡ ವಿಲ್ಕ್ಸ್‌ಬ್ಯಾರಿಯದು. ಅದರ ಹೆಸರು ‘ಬ್ಯಾರನ್ಸ್’. ಬ್ಯಾರನ್ ಎಂದರೆ ಸಿರಿವಂತ ಪ್ರಭು. ಗಣಿಗಳ ಒಡೆಯರನ್ನು ಆ ನಾಡಿನಲ್ಲಿ ಕಲ್ಲಿದ್ದಲ ಬ್ಯಾರನ್‌ಗಳೆಂದೇ ಕರೆಯುತ್ತಿದ್ದರು. ಒಡೆಯರ ಬಿರುದನ್ನು ಹೊತ್ತ ತಂಡದಲ್ಲಿ ಆಡಿದವರು ದುಡಿದು ಉಣ್ಣುವವರು. ಅವರನ್ನು ನೋಡಲು ಬಂದವರೂ ದುಡಿದು ಉಣ್ಣುವವರೇ. ನಡುವೆ ಕೆಲವು ವರ್ಷ ಬೇರೊಂದು ಕೂಟಕ್ಕೆ ಹೋಗಿದ್ದ ಈ ತಂಡ 1950ರ ದಶಕದ ನಡುವಿನಲ್ಲಿ ಮರಳಿ ಬಂದು ಮತ್ತೆ ಮತ್ತೆ ಪ್ರಶಸ್ತಿ ಗೆದ್ದಿತು.

ಈ ಕೂಟದ ನಡೆ ಸರಳವಾಗಿತ್ತು. ಪಂದ್ಯಗಳು ಹೆಚ್ಚಾಗಿ ಶನಿವಾರ ಮತ್ತು ಭಾನುವಾರ ನಡೆಯುತ್ತಿದ್ದವು. ಪ್ರೌಢಶಾಲೆಯ ವ್ಯಾಯಾಮ ಮಂದಿರವೋ, ಸೈನ್ಯದ ಕವಾಯತು ಮಂದಿರವೋ ಆಟದ ಅಂಗಳವಾಗುತ್ತಿತ್ತು. ಬಾಗಿಲಲ್ಲಿ ಟಿಕೆಟ್ಟು ಮಾರಿ ಬಂದ ಹಣವೇ ತಂಡದ ಮುಖ್ಯ ಆದಾಯ. ಅದರಲ್ಲಿಯೇ ಅಂಗಳದ ಬಾಡಿಗೆ, ತೀರ್ಪುಗಾರರ ಶುಲ್ಕ, ಆಟಗಾರರ ಸಂಭಾವನೆ ಎಲ್ಲವೂ ಸಲ್ಲಬೇಕು. ಒಂದು ಪಂದ್ಯಕ್ಕೆ ಐವತ್ತು ಡಾಲರಿನ ಆಸುಪಾಸು ದೊರೆತರೆ ಅದು ಸಾಮಾನ್ಯ ಸಂಭಾವನೆ. ಆರಂಭದಲ್ಲಿ ಆಯಾ ಊರಿನ ಯುವಕರೇ ಹೆಚ್ಚಾಗಿದ್ದರು. ಕ್ರಮೇಣ ನ್ಯೂಯಾರ್ಕ್, ಫಿಲಡೆಲ್ಫಿಯಾ ನಗರಗಳಿಂದ ಆಟಗಾರರು ಬರತೊಡಗಿದರು. ನಾಲ್ಕೈದು ಜನ ಒಂದೇ ಮೋಟಾರಿನಲ್ಲಿ ಕೂಡಿಕೊಂಡು, ಪೆಟ್ರೋಲಿನ ಖರ್ಚನ್ನು ಹಂಚಿಕೊಂಡು, ಹಿಮ ಮುಸುಕಿದ ಬೆಟ್ಟದ ದಾರಿಯಲ್ಲಿ ನೂರು ಮೈಲಿಗೂ ಹೆಚ್ಚು ದೂರ ಪ್ರಯಾಣ ಮಾಡುತ್ತಿದ್ದರು. ಭಾನುವಾರ ರಾತ್ರಿ ಆಟ ಮುಗಿಸಿ ಅದೇ ದಾರಿಯಲ್ಲಿ ಹಿಂದಿರುಗಿ, ಸೋಮವಾರ ಬೆಳಗ್ಗೆ ತಮ್ಮ ತಮ್ಮ ಕೆಲಸಕ್ಕೆ ಹಾಜರಾಗುತ್ತಿದ್ದರು.

ಇಷ್ಟು ಅಲ್ಪ ಹಣಕ್ಕೆ ಇಷ್ಟು ಕಷ್ಟಪಟ್ಟವರು ಸಾಮಾನ್ಯ ಆಟಗಾರರೇ ಇರಬೇಕೆಂದು ಯಾರಾದರೂ ಊಹಿಸಬಹುದು. ಆ ಊಹೆ ಸರಿಯಲ್ಲ. 1955ರಿಂದ 1961ರವರೆಗೆ ಎನ್.ಬಿ.ಎ.ಯಲ್ಲಿ ಇದ್ದುದು ಕೇವಲ 8 ತಂಡಗಳು. ಎಲ್ಲ ತಂಡಗಳ ಆಟಗಾರರನ್ನು ಕೂಡಿಸಿದರೂ ನೂರು ಜನ ಆಗುತ್ತಿರಲಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ನೂರಕ್ಕಿಂತ ಕಡಿಮೆ ಸ್ಥಾನಗಳು! ಸಾಮರ್ಥ್ಯವಿದ್ದೂ ಹೊರಗುಳಿದವರು ಎಷ್ಟೋ ಮಂದಿ. ಇದರ ಮೇಲೆ ಮತ್ತೊಂದು ಅಡ್ಡಿ. ಎನ್.ಬಿ.ಎ. ತಂಡಗಳಲ್ಲಿ ಕಪ್ಪು ಜನಾಂಗದವರಿಗೆ 1950ರವರೆಗೆ ಪ್ರವೇಶವೇ ಇರಲಿಲ್ಲ. ಅನಂತರವೂ ಒಂದು ತಂಡದಲ್ಲಿ ಇಷ್ಟೇ ಮಂದಿ ಕಪ್ಪು ಆಟಗಾರರಿರಬೇಕೆಂಬ ಅಲಿಖಿತ ಕಟ್ಟಳೆಯೊಂದು ಬಹುಕಾಲ ಉಳಿದುಕೊಂಡಿತ್ತು. ಯಾವ ಪುಸ್ತಕದಲ್ಲಿಯೂ ಬರೆದಿರದ ಕಟ್ಟಳೆಯನ್ನು ಯಾವ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕು? ಬರೆದ ಕಾನೂನಿಗಿಂತ ಬರೆಯದ ಕಟ್ಟಳೆಯನ್ನು ಎದುರಿಸುವುದು ಕಷ್ಟ.

ಈ ವಿಷಯದಲ್ಲಿ ಗಣಿಯೂರುಗಳ ಕೂಟ ಬೇರೆ ದಾರಿ ಹಿಡಿಯಿತು. 1946–47ರ ಮೊದಲ ಋತುವಿನಲ್ಲಿಯೇ ಹೇಜಲ್ಟನ್ ತಂಡದಲ್ಲಿ ಬಿಲ್ ಬ್ರೌನ್, ಜ್ಯಾಕ್ ಕ್ಲೇಟನ್, ಜಾನ್ ಐಸಾಕ್ಸ್ ಎಂಬ ಮೂವರು ಕಪ್ಪು ಆಟಗಾರರು ಆಡಿದರು. 1955–56ರಲ್ಲಿ ಅದೇ ಊರಿನ ‘ಹಾಕ್ಸ್’ ತಂಡ ಪಂದ್ಯದ ಆರಂಭಕ್ಕೆ ಅಂಗಳಕ್ಕಿಳಿಸಿದ ಐವರೂ ಕಪ್ಪು ಜನಾಂಗದವರೇ. ಎನ್.ಬಿ.ಎ.ಯಲ್ಲಿ ಇಂಥ ಐವರನ್ನು ಬಾಸ್ಟನ್ ತಂಡ ಮೊದಲ ಬಾರಿಗೆ ಆಡಿಸಿದ್ದು 1964ರ ಡಿಸೆಂಬರಿನಲ್ಲಿ. ಹೇಜಲ್ಟನ್ ತಂಡದ ಆ ಐವರಲ್ಲಿ ಒಬ್ಬರಾದ ಫ್ಲೆಚರ್ ಜಾನ್ಸನ್ ಮುಂದೆ ವೈದ್ಯರಾದರು. ಜೆಸ್ಸಿ ಆರ್ನೆಲ್ ವಕೀಲರಾಗಿ ಹೆಸರು ಪಡೆದರು. ಸಣ್ಣ ಊರಿನ ಅಂಗಳದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದವರ ಯೋಗ್ಯತೆ ಚೆಂಡಾಟಕ್ಕಷ್ಟೇ ಸೀಮಿತವಾಗಿರಲಿಲ್ಲ.

ಆ ಐವರಲ್ಲಿ ಫ್ಲಾಯ್ಡ್ ಲೇನ್ ಎಂಬುವರ ಕಥೆ ಬೇರೆಯದು. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ದೇಶದ ಎರಡು ದೊಡ್ಡ ಕಾಲೇಜು ಪಂದ್ಯಾವಳಿಗಳನ್ನು ಒಂದೇ ವರ್ಷ ಗೆದ್ದು ಕೀರ್ತಿಯ ಶಿಖರವನ್ನೇರಿತು. ಲೇನ್ ಆ ತಂಡದಲ್ಲಿದ್ದರು. ಮರುವರ್ಷವೇ ಸಿಡಿಲೆರಗಿತು. ಜೂಜುಕೋರರಿಂದ ಹಣ ಪಡೆದು, ಗೆಲುವಿನ ಅಂತರವನ್ನು ಬೇಕೆಂದೇ ಕಡಿಮೆ ಮಾಡುತ್ತಿದ್ದರೆಂಬ ಆರೋಪದ ಮೇಲೆ ಹಲವು ಕಾಲೇಜುಗಳ ಆಟಗಾರರು ಬಂಧಿತರಾದರು. ಅವರಲ್ಲಿ ಲೇನ್ ಒಬ್ಬರು. ಬೇರೊಂದು ಕಾಲೇಜಿನ ಷರ್ಮನ್ ವೈಟ್ ಮತ್ತೊಬ್ಬರು. ವೈಟ್ ಸೆರೆಮನೆವಾಸವನ್ನೂ ಅನುಭವಿಸಿದರು. ಎನ್.ಬಿ.ಎ.ಯ ಬಾಗಿಲು ಇವರಿಗೆ ಶಾಶ್ವತವಾಗಿ ಮುಚ್ಚಿತು. ಇವರು ಮಾಡಿದ್ದು ತಪ್ಪು. ಆಟಕ್ಕೂ ನೋಡುಗರಿಗೂ ಬಗೆದ ದ್ರೋಹ. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಇಪ್ಪತ್ತರ ಹರೆಯದಲ್ಲಿ ಮಾಡಿದ ತಪ್ಪಿಗೆ ಬದುಕಿನುದ್ದಕ್ಕೂ ದಂಡ ತೆರಬೇಕೆ? ಈಸ್ಟರ್ನ್ ಲೀಗ್ ಇವರಿಗೆ ಆಡುವ ಅವಕಾಶ ಕೊಟ್ಟಿತು. ಲೇನ್ ಮುಂದೆ ನ್ಯೂಯಾರ್ಕಿನ ಬಡ ಬಡಾವಣೆಗಳ ಮಕ್ಕಳಿಗೆ ಆಟ ಕಲಿಸಿದರು. 1970ರ ದಶಕದಲ್ಲಿ ಸಿಟಿ ಕಾಲೇಜೇ ಅವರನ್ನು ಕರೆದು ತನ್ನ ತಂಡದ ತರಬೇತುದಾರರನ್ನಾಗಿ ನೇಮಿಸಿಕೊಂಡಿತು. ಎಲ್ಲಿ ಹೆಸರು ಕೆಟ್ಟಿತ್ತೋ ಅಲ್ಲಿಯೇ ಅವರು ಅದನ್ನು ಮರಳಿ ಗಳಿಸಿಕೊಂಡರು.

ಶಿಕ್ಷಕರಾಗಿದ್ದುಕೊಂಡೇ ಆಡಿದವರಲ್ಲಿ ಜಾನ್ ಚೇನಿ ಅವರ ಹೆಸರು ದೊಡ್ಡದು. ಫಿಲಡೆಲ್ಫಿಯಾದ ಬಡ ಮನೆತನದಲ್ಲಿ ಬೆಳೆದ ಇವರು 1951ರಲ್ಲಿ ಆ ನಗರದ ಸರ್ಕಾರಿ ಪ್ರೌಢಶಾಲೆಗಳ ಶ್ರೇಷ್ಠ ಆಟಗಾರರೆನಿಸಿಕೊಂಡರು. ಆದರೂ ಊರಿನ ದೊಡ್ಡ ಕಾಲೇಜುಗಳು ಈ ಕಪ್ಪು ಹುಡುಗನನ್ನು ಕರೆಯಲಿಲ್ಲ. ದೂರದ ಫ್ಲಾರಿಡಾದಲ್ಲಿ ಓದಿ ಬಂದ ಅವರಿಗೆ ಎನ್.ಬಿ.ಎ.ಯ ಬಾಗಿಲೂ ತೆರೆಯಲಿಲ್ಲ. ಈಸ್ಟರ್ನ್ ಲೀಗಿನ ಸನ್‌ಬರಿ ಮತ್ತು ವಿಲಿಯಮ್ಸ್‌ಪೋರ್ಟ್ ತಂಡಗಳಲ್ಲಿ ಅವರು ಸುಮಾರು ಹತ್ತು ವರ್ಷ ಆಡಿದರು. ಕೂಟದ ಅತ್ಯುತ್ತಮ ಆಟಗಾರರೆಂಬ ಗೌರವವನ್ನೂ ಪಡೆದರು. 1960ರ ದಶಕದಲ್ಲಿ ವಾರದ ದಿನಗಳಲ್ಲಿ ಫಿಲಡೆಲ್ಫಿಯಾದ ಶಾಲೆಯಲ್ಲಿ ಕಲಿಸುತ್ತ ವಾರಾಂತ್ಯದಲ್ಲಿ ಆಡುತ್ತಿದ್ದರು. ಮುಂದೆ ಅದೇ ನಗರದ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ 1982ರಿಂದ 2006ರವರೆಗೆ ತರಬೇತುದಾರರಾಗಿದ್ದು, ನಸುಕಿನಲ್ಲಿಯೇ ಅಭ್ಯಾಸ ಮಾಡಿಸುವ ಶಿಸ್ತಿನ ಗುರುವೆಂದು ಹೆಸರಾದರು. ಅವರ ಸಿಡುಕು ಸ್ವಭಾವ ಟೀಕೆಗೂ ಗುರಿಯಾದುದುಂಟು. ಆದರೆ ಪರೀಕ್ಷೆಯ ಅಂಕಗಳನ್ನಷ್ಟೇ ನೋಡಿ ಬಡ ಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚುವ ನಿಯಮಗಳನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಮುಚ್ಚಿದ ಬಾಗಿಲಿನ ಹೊರಗೆ ನಿಂತ ಅನುಭವ ಅವರಿಗಿತ್ತು. 2001ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ದೊರೆಯಿತು.

ಕೆಲವರಿಗೆ ಈ ಕೂಟ ಏಣಿಯಾಯಿತು. ಲೂಯಿಸಿಯಾನಾದ ಬಾಬ್ ಲವ್ ಅವರನ್ನು 1965ರಲ್ಲಿ ಎನ್.ಬಿ.ಎ. ತಂಡವೊಂದು ಆರಿಸಿಕೊಂಡು, ಋತು ಆರಂಭವಾಗುವ ಮೊದಲೇ ಕೈಬಿಟ್ಟಿತು. ಮಾತನಾಡುವಾಗ ತೀವ್ರವಾಗಿ ಉಗ್ಗುತ್ತಿದ್ದ ಆ ಯುವಕ ಟ್ರೆಂಟನ್ ತಂಡ ಸೇರಿ, ಅಲ್ಲಿ ಮಿಂಚಿ, ಮರುವರ್ಷವೇ ಎನ್.ಬಿ.ಎ.ಗೆ ಮರಳಿದರು. ಮುಂದೆ ಷಿಕಾಗೋ ನಗರದ ತಂಡದ ಪ್ರಮುಖ ಆಟಗಾರರಾದರು. ಆಟ ಮುಗಿದ ಮೇಲೆ ಹೋಟೆಲಿನಲ್ಲಿ ಎಂಜಲು ಪಾತ್ರೆ ತೆಗೆಯುವ ಕೆಲಸಕ್ಕೂ ಅವರು ಹಿಂಜರಿಯಲಿಲ್ಲ. ನಡುವಯಸ್ಸಿನಲ್ಲಿ ಚಿಕಿತ್ಸೆ ಪಡೆದು ಮಾತನ್ನು ಗೆದ್ದು, ಶಾಲಾಮಕ್ಕಳ ಮುಂದೆ ನಿಂತು ಭಾಷಣ ಮಾಡುವಂತಾದರು.

ಮತ್ತೆ ಕೆಲವರು ಮೇಲಿನಿಂದ ಇಳಿದು ಬಂದರು. ಎನ್.ಬಿ.ಎ.ಯಲ್ಲಿ ಎರಡು ಬಾರಿ ಅತಿ ಹೆಚ್ಚು ಅಂಕ ಗಳಿಸಿದವರೆನಿಸಿದ್ದ ಪಾಲ್ ಅರಿಜಿನ್ ಫಿಲಡೆಲ್ಫಿಯಾದವರು. 1962ರಲ್ಲಿ ಅವರ ತಂಡ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ವರ್ಗವಾಯಿತು. ಮನೆಮಂದಿಯನ್ನು ಎಬ್ಬಿಸಿಕೊಂಡು ದೇಶದ ಇನ್ನೊಂದು ತುದಿಗೆ ಹೋಗಲು ಒಪ್ಪದೆ ಅವರು ಊರಿನಲ್ಲಿಯೇ ಐ.ಬಿ.ಎಂ. ಸಂಸ್ಥೆಯ ಕೆಲಸಕ್ಕೆ ಸೇರಿದರು. ವಾರಾಂತ್ಯದಲ್ಲಿ ನದಿಯಾಚೆಯ ಕ್ಯಾಮ್ಡೆನ್ ತಂಡಕ್ಕೆ ಆಡುತ್ತ 1964ರಲ್ಲಿ ಅದು ಪ್ರಶಸ್ತಿ ಗೆಲ್ಲಲು ನೆರವಾದರು. ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಆರಿಸಿಕೊಳ್ಳುವುದೂ ಒಂದು ಬಗೆಯ ಸ್ವಾತಂತ್ರ್ಯವೇ.

ಆಟಗಾರರಿಗೆ ಈ ಕೂಟ ಏನಾಗಿತ್ತೆಂಬುದನ್ನು ಹೇಳಿದ್ದಾಯಿತು. ಊರುಗಳಿಗೆ ಅದು ಏನಾಗಿತ್ತು? 1959ರ ಜನವರಿ 22ರಂದು ವಿಲ್ಕ್ಸ್‌ಬ್ಯಾರಿಯ ಸಮೀಪದ ನಾಕ್ಸ್ ಗಣಿಗೆ ಸಸ್ಕ್ವಿಹಾನಾ ನದಿ ನುಗ್ಗಿತು. ನದಿಯ ತಳಕ್ಕೆ ತೀರ ಹತ್ತಿರದವರೆಗೆ ಅಗೆದುದೇ ಅದಕ್ಕೆ ಕಾರಣ. ಒಳಗಿದ್ದ 81 ಜನರಲ್ಲಿ 69 ಮಂದಿ ಪಾರಾದರು. 12 ಮಂದಿ ಮರಳಲಿಲ್ಲ. ಸುಳಿಯಲ್ಲಿ ರೈಲಿನ ಬೋಗಿಗಳನ್ನೇ ತಳ್ಳಿ ರಂಧ್ರವನ್ನು ಮುಚ್ಚಬೇಕಾಯಿತು. ಆ ಕಣಿವೆಯ ಆಳದ ಗಣಿಗಾರಿಕೆ ಅಲ್ಲಿಗೆ ಬಹುಮಟ್ಟಿಗೆ ಕೊನೆಗೊಂಡು ಸಾವಿರಾರು ಜನ ಕೆಲಸ ಕಳೆದುಕೊಂಡರು. ಆ ಋತುವಿನ ಪ್ರಶಸ್ತಿ ಬ್ಯಾರನ್ಸ್ ತಂಡದ ಪಾಲಾಯಿತು. 1972ರ ಜೂನ್ ತಿಂಗಳಿನಲ್ಲಿ ಆಗ್ನೆಸ್ ಚಂಡಮಾರುತದಿಂದ ಅದೇ ನದಿ ಉಕ್ಕಿ ನಗರವನ್ನು ಮುಳುಗಿಸಿತು. ಮರುವರ್ಷ ಬ್ಯಾರನ್ಸ್ ಮತ್ತೊಮ್ಮೆ ಗೆದ್ದಿತು. ಗೆಲುವಿನ ಕಪ್ಪು ಸತ್ತವರನ್ನು ಮರಳಿ ತರಲಾರದು, ಹೋದ ಕೆಲಸವನ್ನು ಕೊಡಿಸಲಾರದು. ಆದರೆ ಕಷ್ಟದಲ್ಲಿರುವ ಜನ ಒಂದೇ ಸೂರಿನಡಿ ಸೇರಿ, ಒಂದೇ ಹೆಸರನ್ನು ಕೂಗಿ, ತಮ್ಮ ಊರು ಇನ್ನೂ ಇದೆ ಎಂದು ತಿಳಿದುಕೊಳ್ಳುವುದಕ್ಕೂ ಒಂದು ಎಡೆ ಬೇಕಲ್ಲವೆ?

ಹಾಗೆಂದು ಈ ಕೂಟವನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ನೋಡುಗರು ಕಡಿಮೆಯಾದರೆ ತಂಡ ಮುಚ್ಚುತ್ತಿತ್ತು, ಇಲ್ಲವೆ ಬೇರೆ ಊರಿಗೆ ಹೋಗುತ್ತಿತ್ತು. ಆಟಗಾರನಿಗೆ ಗಾಯವಾದರೆ ಅವನ ಸೋಮವಾರದ ಕೂಲಿಗೂ ಸಂಚಕಾರ. ಮಹಾನಗರಗಳ ಅಂಗಳದಲ್ಲಿ ಆಡಬೇಕಾಗಿದ್ದ ಪ್ರತಿಭೆ ಬಣ್ಣದ ಕಾರಣದಿಂದ ಇಲ್ಲಿ ಸವೆಯಬೇಕಾಯಿತೆಂಬುದು ಅನ್ಯಾಯವೇ. ಸಣ್ಣ ಬಾಗಿಲು ತೆರೆದಿತ್ತೆಂಬ ಮಾತ್ರಕ್ಕೆ ದೊಡ್ಡ ಬಾಗಿಲನ್ನು ಮುಚ್ಚಿದವರ ತಪ್ಪು ಅಳಿಯುವುದಿಲ್ಲ.

1960ರ ದಶಕದ ಕೊನೆಯಲ್ಲಿ ಎನ್.ಬಿ.ಎ.ಯ ತಂಡಗಳು ಹೆಚ್ಚಿದವು. 1967ರಲ್ಲಿ ಮತ್ತೊಂದು ದೊಡ್ಡ ಕೂಟವೂ ಹುಟ್ಟಿತು. ಉತ್ತಮ ಆಟಗಾರರು ಅತ್ತ ಸರಿದರು. ಬಾಗಿಲು ಅಗಲವಾದುದು ಸಂತೋಷದ ಸಂಗತಿ. ಆದರೆ ಈಸ್ಟರ್ನ್ ಲೀಗಿನ ಸೊಗಸು ಅದರಿಂದಲೇ ಕುಂದಿತು. ಬ್ಯಾರನ್ಸ್ ತಂಡ 1978ರಲ್ಲಿ ಮತ್ತೊಂದು ಪ್ರಶಸ್ತಿ ಗೆದ್ದಿತು. ಅದೇ ವರ್ಷ ಕೂಟವು ಕಾಂಟಿನೆಂಟಲ್ ಸಂಘವೆಂಬ ಹೊಸ ಹೆಸರು ತಳೆದು ದೂರದ ರಾಜ್ಯಗಳಿಗೂ ಹಬ್ಬತೊಡಗಿತು. 2009ರಲ್ಲಿ ಆ ಸಂಘವೂ ಮುಚ್ಚಿತು. ದೂರದಿಂದ ಚೆಂಡೆಸೆದು ಗುರಿ ಮುಟ್ಟಿಸಿದವರಿಗೆ ಮೂರು ಅಂಕ ಕೊಡುವ ನಿಯಮ ಇಂದು ಜಗತ್ತಿನ ಎಲ್ಲ ಕಡೆ ಇದೆ. ಎನ್.ಬಿ.ಎ. ಅದನ್ನು ಒಪ್ಪಿಕೊಂಡಿದ್ದು 1979ರಲ್ಲಿ. ಅದಕ್ಕೆ ಹತ್ತು ವರ್ಷಗಳಿಗೂ ಮೊದಲೇ ಈಸ್ಟರ್ನ್ ಲೀಗ್ ಆ ನಿಯಮದಂತೆ ಆಡಿತ್ತು.

ಯಾವ ಕ್ಷೇತ್ರದಲ್ಲಿಯೂ ಶಿಖರದಲ್ಲಿ ನಿಲ್ಲುವವರು ಕೆಲವರೇ. ಶಿಖರವನ್ನು ಮಾತ್ರ ನೋಡುವ ಕಣ್ಣಿಗೆ ಅದನ್ನು ಹೊತ್ತ ಬೆಟ್ಟ ಕಾಣಿಸುವುದಿಲ್ಲ. ಜಾನ್ ಚೇನಿ ಅವರು ಸನ್‌ಬರಿಯಲ್ಲಿ ಆಡಿದ ಆಟ ಎಷ್ಟು ಜನ ನೋಡಿದರೆಂಬುದರಿಂದ ಹಿರಿದಾಗಲಿಲ್ಲ, ಎಷ್ಟು ಹಣ ಬಂತೆಂಬುದರಿಂದ ಕಿರಿದಾಗಲಿಲ್ಲ. ತಮ್ಮನ್ನು ಬೇಡವೆಂದ ಲೋಕದ ಎದುರಿಗೆ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಿದವರು ಆ ಕಲ್ಲಿದ್ದಲ ನಾಡಿನ ಆಟಗಾರರು. ಅವರ ಹೆಸರುಗಳು ಮರೆತುಹೋದರೂ ಆ ಪಾಠ ಮರೆಯತಕ್ಕದ್ದಲ್ಲ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಅರೆವೃತ್ತಿಪರ ಆಟಗಾರರೆಂದರೆ ಯಾರು?
2. ಈಸ್ಟರ್ನ್ ಲೀಗಿನ ಮೊದಲ ಋತುವಿನಲ್ಲಿ ಪ್ರಶಸ್ತಿ ಗೆದ್ದ ತಂಡ ಯಾವುದು?
3. ಪಾಲ್ ಅರಿಜಿನ್ ಎನ್.ಬಿ.ಎ.ಯನ್ನು ಏಕೆ ಬಿಟ್ಟರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಸಮರ್ಥ ಆಟಗಾರರು ಎನ್.ಬಿ.ಎ.ಯಿಂದ ಹೊರಗುಳಿಯಲು ಕಾರಣಗಳೇನು?
2. ಫ್ಲಾಯ್ಡ್ ಲೇನ್ ಅವರು ಕಳೆದುಕೊಂಡ ಹೆಸರನ್ನು ಮರಳಿ ಗಳಿಸಿದ ಬಗೆಯನ್ನು ವಿವರಿಸಿರಿ.
3. ಕಷ್ಟಕಾಲದಲ್ಲಿ ವಿಲ್ಕ್ಸ್‌ಬ್ಯಾರಿಯ ಜನರಿಗೆ ಆಟವು ಏನನ್ನು ಕೊಟ್ಟಿತು? ಏನನ್ನು ಕೊಡಲಾರದಾಯಿತು?

ಇ. ಸಂದರ್ಭದೊಡನೆ ವಿವರಿಸಿರಿ:
1. “ಬರೆದ ಕಾನೂನಿಗಿಂತ ಬರೆಯದ ಕಟ್ಟಳೆಯನ್ನು ಎದುರಿಸುವುದು ಕಷ್ಟ.”
2. “ಮುಚ್ಚಿದ ಬಾಗಿಲಿನ ಹೊರಗೆ ನಿಂತ ಅನುಭವ ಅವರಿಗಿತ್ತು.”

ಈ. ಬಿಡಿಸಿ ಸಂಧಿಯ ಹೆಸರನ್ನು ತಿಳಿಸಿರಿ: ಜೀವನೋಪಾಯ, ವಾರಾಂತ್ಯ, ಸಿಡಿಲೆರಗಿತು.